ಮೂಗಿಲ್ಲದ ಮೇಣಕ್ಕೆ ನೆಗಡಿ

ಬೆಳಗಿನ ಆರೂವರೆಗೆ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ನಲವತ್ತು ಮೂಗುಗಳು ತಣ್ಣನೆಯ ತಟ್ಟೆಯ ಮೇಲೆ ಸಾಲಾಗಿ ಕುಳಿತಿವೆ. ಇಡೀ ಮೂಗುಗಳೇನಲ್ಲ; ಮೂಗಿನೊಳಗೆ ಬೆಳೆದ ಗಂಟುಗಳ ಚೂರುಗಳು, ಒಂದೊಂದೂ ಮೇಣದ ಬಿಲ್ಲೆಯಲ್ಲಿ ಹುದುಗಿವೆ. ಅವುಗಳ ಮುಂದೆ ಮಾಸ್ಕ್ ಬಿಗಿದು ಯಂತ್ರದ ಕೈಚಕ್ರ ತಿರುಗಿಸುತ್ತಿರುವವರನ್ನು ಇಡೀ ಆಸ್ಪತ್ರೆ ಮೇಣದಕ್ಕ ಎನ್ನುತ್ತದೆ. ಒಂದು ಸುತ್ತಿಗೆ ಒಂದು ಪದರ, ಕೂದಲಿಗಿಂತ ಹದಿನೈದು ಪಟ್ಟು ತೆಳು. ಯಾರಾದರೂ ಒಮ್ಮೆ ಸೀನಿದರೆ ಬೆಳಗಿನ ಶ್ರಮ ಗಾಳಿಪಾಲು. ಕಂಡವರ ಮೂಗು ಕೊಯ್ಯುವ ಮೇಣದಕ್ಕ ತಮ್ಮ ಮೂಗನ್ನು ಮಾತ್ರ ಸಂಜೆ ನಾಲ್ಕರವರೆಗೆ ಅಂಕೆಯಲ್ಲಿ ಇಟ್ಟುಕೊಂಡಿರುತ್ತಾರೆ.

"ಮೂಗು ಕೊಯ್ತೀನಿ ಅಂದಿದ್ರೆ ನಮ್ಮ ಯಜಮಾನ್ರು ಮದುವೆ ಆಗ್ತಿರ್ಲಿಲ್ಲ. ಲ್ಯಾಬಲ್ಲಿ ಕೆಲಸ ಅಂದೆ, ಅಷ್ಟೇ" ಎನ್ನುತ್ತಾರೆ. ಇಪ್ಪತ್ತೆರಡು ವರ್ಷ, ದಿನಕ್ಕೆ ಎಂಬತ್ತು ಬಿಲ್ಲೆ. ಚಕ್ರ ತಿರುಗಿಸಿ ತಿರುಗಿಸಿ ಬಲಭುಜ ಎಡಕ್ಕಿಂತ ದಪ್ಪವಾಗಿ, ಬಟ್ಟೆ ಹೊಲಿಯುವವನು ಪ್ರತಿ ಸಲವೂ ತನ್ನ ಟೇಪನ್ನೇ ಅನುಮಾನಿಸುತ್ತಾನೆ.

ಈ ನಲವತ್ತು ಗಂಟುಗಳು ಮೂಗಿನ ಡಾಕ್ಟರಮ್ಮ ರೋಗಿಗಳಿಂದ ತೆಗೆದು ಕಳಿಸಿದವು. ಇವು ಕ್ಯಾನ್ಸರ್ ಅಲ್ಲ, ಆದರೆ ಮೊಂಡು ನೆಂಟರ ಜಾತಿ: ಕಳಿಸಿದರೂ ವಾಪಸು ಬರುತ್ತವೆ, ಅಪರೂಪಕ್ಕೊಂದು ಕೆಡುತ್ತದೆ. ನರುಲಿ ಎಬ್ಬಿಸುವ ವೈರಸ್ಸಿನ ಕೈವಾಡ ಇದರಲ್ಲೂ ಇದೆಯೇ? ಬಲ್ಲವರಲ್ಲೇ ಒಮ್ಮತವಿಲ್ಲ. ಡಾಕ್ಟರಮ್ಮ ಐದು ವರ್ಷದಿಂದ ಅದರ ಬೆನ್ನು ಹತ್ತಿದ್ದಾರೆ.

ಮೇಣದಕ್ಕನದೊಂದು ಪದ್ಧತಿಯಿದೆ. ಪ್ರತಿ ಗಂಟು ಕೊಯ್ದ ಮೇಲೆ ಒಳಗೇನೂ ಇಲ್ಲದ ಒಂದು ಬರಿ ಮೇಣದ ಬಿಲ್ಲೆ ಕೊಯ್ದು, ಅದರ ಪದರವನ್ನೂ ಪರೀಕ್ಷೆಗೆ ಕಳಿಸುವುದು. ಅದರಲ್ಲೂ ವೈರಸ್ ಸಿಕ್ಕರೆ, ಅದು ಮೂಗಿನದಲ್ಲ, ಕೊಯ್ದವರ ಕೈಗುಣ. ಇಷ್ಟು ವರ್ಷ ಹಾಗೆ ಸಿಕ್ಕಿರಲಿಲ್ಲವಾದ್ದರಿಂದ ಖಾಲಿ ಮೇಣದ ಫಲಿತಾಂಶವನ್ನು ಯಾರೂ ಓದುತ್ತಲೂ ಇರಲಿಲ್ಲ.

ಕಳೆದ ವರ್ಷ ಇಂಥದೇ ನಲವತ್ತು ಗಂಟುಗಳ ಫಲಿತಾಂಶ ಬಂತು: ನಲವತ್ತರಲ್ಲಿ ಮೂವತ್ತೊಂದರಲ್ಲಿ ವೈರಸ್. ಡಾಕ್ಟರಮ್ಮ ಕೇಕ್ ತರಿಸಿದರು. ಮರುದಿನವೇ ಪ್ರಬಂಧ ಕಳಿಸುವುದೆಂದಾಯಿತು. ಮೇಣದಕ್ಕ ಕೇಕನ್ನು ಬಾಯಿಗಿಡುವ ಮೊದಲು ಖಾಲಿಯದೇನಾಯಿತೆಂದು ವರದಿಯ ಕೊನೆಯ ಹಾಳೆ ತಿರುವಿದರು. ಖಾಲಿ ಮೇಣದಲ್ಲೂ ವೈರಸ್.

ಬ್ಲೇಡು ಪ್ರತಿ ಸಲ ಬದಲಾಯಿಸಿದ್ದರು. ಬದಲಾಯಿಸದೆ ಉಳಿದದ್ದು ಪದರ ಎತ್ತುವ ಪುಟ್ಟ ಬ್ರಷ್ ಒಂದೇ. ಮಗಳ ಬಣ್ಣದ ಡಬ್ಬಿಯಿಂದ ಬಂದದ್ದು, ಹನ್ನೊಂದು ವರ್ಷದ ಒಡನಾಡಿ. ಚರ್ಮ ವಿಭಾಗದವರು ದಿನಾ ಕಳಿಸುವ ನರುಲಿಗಳನ್ನೂ ಎತ್ತುತ್ತಿದ್ದುದು ಅದೇ.

ತೆಪ್ಪಗಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹೇಳಿದರೆ ಇಪ್ಪತ್ತೆರಡು ವರ್ಷದ ಹೆಸರು ಹೋಗುತ್ತದೆ. ಮೇಣದಕ್ಕ ತಟ್ಟೆ ಕೆಳಗಿಟ್ಟು ಹೇಳಿದರು: "ಮೇಡಂ, ಮೂಗೇ ಇಲ್ಲದ ಮೇಣಕ್ಕೂ ನೆಗಡಿ ಬಂದಿದೆ. ತಪ್ಪು ನಂದೇ."

ಡಾಕ್ಟರಮ್ಮ ಆ ಕೊನೆಯ ಹಾಳೆಯನ್ನು ಎಳೆದುಕೊಂಡು ಓದಿದರು. ಆಮೇಲೆ ಕೇಳಿದರು, "ಕೇಕ್ ತಿಂದಾದ್ಮೇಲೆ ಹೇಳ್ಬಾರ್ದಿತ್ತಾ?"

"ತಿಂದ್ಮೇಲೆ ಬಾಯಿ ಬರ್ತಿರ್ಲಿಲ್ಲ, ಮೇಡಂ."

ನಲವತ್ತನ್ನೂ ಮತ್ತೆ ಕೊಯ್ದರು. ಯಂತ್ರ ಉಜ್ಜಿ ತೊಳೆದು, ಪ್ರತಿ ಗಂಟಿಗೂ ಹೊಸ ಬ್ಲೇಡು. ಪದರ ಎತ್ತಲು ಬ್ರಷ್ಷಿನ ಬದಲು ಒಂದೊಂದು ಹೊಸ ಹಲ್ಲುಕಡ್ಡಿ. ಇದಕ್ಕೆ ಹಲ್ಲುಕಡ್ಡಿ ಯಾಕೆಂದು ಕೇಳಿ ಸ್ಟೋರಿನವರು ಮೂರು ಸಲ ಅರ್ಜಿ ವಾಪಸು ಕಳಿಸಿದರು. ಈ ಸಲ ವೈರಸ್ ಸಿಕ್ಕಿದ್ದು ಒಂಬತ್ತು ಗಂಟುಗಳಲ್ಲಿ. ಪ್ರಬಂಧದಲ್ಲಿ "ಕಾರಣ" ಎಂದಿದ್ದಲ್ಲೆಲ್ಲ ಈಗ "ಕಾರಣವಿರಬಹುದು" ಎಂದಾಗಿದೆ. ಡಾಕ್ಟರಮ್ಮನಿಗೆ ಸಂಕಟವೇ, ಆದರೆ ಈ ಒಂಬತ್ತನ್ನು ಯಾರೂ ಅಲ್ಲಾಡಿಸಲಾರರು ಎಂಬ ಧೈರ್ಯವಿದೆ.

ಬ್ರಷ್ ಮಗಳ ಕೈಸೇರಿಲ್ಲ, ನಿಯಮದಂತೆ ಸುಟ್ಟಾಗಿದೆ. ಇಂದೂ ಒಂದೊಂದು ಮೂಗಿನ ಹಿಂದೆ ಒಂದೊಂದು ಖಾಲಿ ಮೇಣ, ಚಕ್ರ ತಿರುಗುತ್ತಲೇ ಇದೆ.

ಪ್ರಬಂಧ ಅಚ್ಚಾದ ದಿನ ಇದರಲ್ಲಿ ನಿನ್ನದೆಲ್ಲಿದೆ ಎಂದು ಯಜಮಾನರು ಕೇಳಿದರಂತೆ. ಮೇಣದಕ್ಕ ಎಂಟನೆಯ ಪುಟದ ಒಂದು ಸಾಲಿನ ಮೇಲೆ ಬೆರಳಿಟ್ಟರು: ಖಾಲಿ ಮೇಣದ ನಲವತ್ತು ಪದರಗಳಲ್ಲಿ ಏನೂ ಪತ್ತೆಯಾಗಲಿಲ್ಲ.

"ಆ ಏನೂ ಇಲ್ಲ ಅನ್ನೋದಿದೆಯಲ್ಲ," ಎನ್ನುತ್ತಾರೆ ಮಾಸ್ಕಿನೊಳಗಿಂದ, "ಅದು ಪೂರ್ತಿ ನಂದು."