ಹೇಳಿದವರು ಯಾರು?

"ಏನಯ್ಯಾ, ತಲೆನೋವು ಬಂದಿದ್ದು ಗಂಡನಿಗಾ, ಹೆಂಡ್ತಿಗಾ? ತಲೆ ಮನೇಲಿಟ್ಟು ಕೆಲಸಕ್ಕೆ ಬರ್ತೀಯಾ?" ರೋಗಿಗಳ ಸಾಲು, ಇಬ್ಬರು ನರ್ಸುಗಳು, ಬಾಗಿಲ ಕಾವಲಿನವನು, ಇಷ್ಟು ಜನರೆದುರು ದೊಡ್ಡ ಮೇಡಂ ನನ್ನನ್ನು ಝಾಡಿಸಿದ್ದರು. ಮಿದುಳಿನ ಹೊದಿಕೆಗೆ ತಗಲುವ ಸೋಂಕಿನ, ಅಂದರೆ ಮೆನಿಂಜೈಟಿಸ್‌ನ ಚಿಕಿತ್ಸೆಯಲ್ಲಿ ಮೂವತ್ತೊಂದು ವರ್ಷ ಸವೆಸಿ ಈಗ ನಿವೃತ್ತರಾಗಿರುವ ಈ ಹಿರಿಯ ವೈದ್ಯೆಯನ್ನು ಈ ಅಭಿನಂದನಾ ಸಂಪುಟದ ಉಳಿದ ಲೇಖಕರೆಲ್ಲ ಮೃದುಭಾಷಿ ಎಂದು ಬಣ್ಣಿಸಿದ್ದಾರಂತೆ. ಒಬ್ಬರಾದರೂ ನೋಂದಣಿ ಕೌಂಟರಿಗೆ ಬಂದು ನನ್ನನ್ನು ಕೇಳಬಾರದಿತ್ತೇ?

ಒಂಬತ್ತನೇ ತರಗತಿಗೆ ಶಾಲೆ ಬಿಟ್ಟು ಆ ಕೌಂಟರಿಗೆ ಸೇರಿದವನು ನಾನು. ಬೈಸಿಕೊಂಡ ಆ ದಿನ ಬಟ್ಟೆ ಹೊಲಿಯುವ ಹೆಂಗಸೊಬ್ಬರನ್ನು ಪ್ರಜ್ಞೆಯಿಲ್ಲದ ಸ್ಥಿತಿಯಲ್ಲಿ ಕರೆತಂದ ಗಂಡ "ತಲೆನೋವು ನಿನ್ನೆಯಿಂದ" ಎಂದ. ನಾನೂ ಹಾಗೇ ಬರೆದೆ. ಜೊತೆಗೆ ಬಂದಿದ್ದ ಆಕೆಯ ಮಗಳನ್ನು ಮೇಡಂ ಪಕ್ಕಕ್ಕೆ ಕರೆದು ಕೇಳಿದರು.

"ಐದು ದಿನ ಆಯ್ತು ಡಾಕ್ಟ್ರಮ್ಮ. ಅವಳದ್ದು ಯಾವಾಗ್ಲೂ ಇದ್ದಿದ್ದೇ ಅಂತ ಅಪ್ಪ ಒಂದು ಮಾತ್ರೆ ಕೊಟ್ಟು ಸುಮ್ಮನಾದ್ರು."

ಆಕೆ ಬದುಕಿದರು. ಎರಡೂ ಕಿವಿ ಹೋದವು.

ವಯಸ್ಕರಲ್ಲಿ ಈ ಕಾಯಿಲೆ ಕೈಮೀರುವುದಕ್ಕೆ ಗಂಡಸರಿಗೂ ಹೆಂಗಸರಿಗೂ ಕಾರಣ ಒಂದೇನಾ ಎಂಬುದು ಮೇಡಂ ವರ್ಷಗಟ್ಟಲೆ ಬೆನ್ನಟ್ಟಿದ ಪ್ರಶ್ನೆ. ಉತ್ತರ ಕಡತಗಳಲ್ಲಿ ಇರಬೇಕಿತ್ತು. ಅಲ್ಲಿದ್ದದ್ದು ನನ್ನಂಥವರು ಗೀಚಿದ "ನಿನ್ನೆಯಿಂದ". ಅವರು ನೋಂದಣಿ ಚೀಟಿಗೆ ಹೊಸ ಕಾಲಂ ಸೇರಿಸಿದರು: ಹೇಳಿದವರು ಯಾರು? ಅಷ್ಟಕ್ಕೇ ಬಿಟ್ಟರೇ? ಹಳೆಯ ಇನ್ನೂರಹದಿನಾರು ರೋಗಿಗಳ ಮನೆಗಳಿಗೆ ನನ್ನ ಕೈಲೇ ಫೋನ್ ಮಾಡಿಸಿದರು. ಗಂಡಸರು ತಮ್ಮ ಕುಡಿತವನ್ನು ಮುಚ್ಚಿಟ್ಟಿದ್ದರು, ಹೆಂಡತಿಯರು ಹೇಳಿದರು. ಹೆಂಡತಿಯನ್ನು ಎಷ್ಟು ದಿನ ಮನೆಯಲ್ಲೇ ಮಲಗಿಸಿದ್ದೆವೆಂಬುದನ್ನೂ ಗಂಡಸರೇ ಮುಚ್ಚಿಟ್ಟಿದ್ದರು; ಅದನ್ನು ಹೆಣ್ಣುಮಕ್ಕಳ ಬಾಯಿಂದ ಕೇಳಬೇಕಾಯಿತು. ನಮ್ಮ ಆಸ್ಪತ್ರೆಯ ಮಟ್ಟಿಗೆ ಗಂಡಸರನ್ನು ಹೆಚ್ಚು ಕೆಡಿಸಿದ್ದು ಕುಡಿತ ಮತ್ತು ನ್ಯುಮೋನಿಯಾ, ಹೆಂಗಸರನ್ನು ಕೆಡಿಸಿದ್ದು ತಡ. ಮೈಯುರಿದು ಒಬ್ಬ ಗಂಡನಿಗೆ ಫೋನಿನಲ್ಲೇ ಬೈದೆ. ಅದಕ್ಕೂ ನನಗೇ ಮಂಗಳಾರತಿ: "ನಿನ್ನ ಸಿಟ್ಟೆಲ್ಲ ಆ ಕಾಲಂ ತುಂಬೋದ್ರಲ್ಲಿ ತೋರಿಸು!" ಅದೇ ಮೇಡಂ ತಮ್ಮ ಪ್ರಬಂಧದ ಕೊನೆಯಲ್ಲಿ ನನ್ನ ಹೆಸರನ್ನು ಅಚ್ಚು ಹಾಕಿಸಿ, ಮೂರು ಮಹಡಿ ಹತ್ತಿ ನಮ್ಮ ಮನೆಗೆ ಬಂದು, ಪ್ರತಿಯನ್ನು ಅಮ್ಮನ ಕೈಗಿತ್ತರು.

ಅವರ ಆಯುಸ್ಸು ಅವರ ಹಟದಷ್ಟೇ ಉದ್ದವಾಗಲಿ. ವಾರಕ್ಕೊಮ್ಮೆಯಾದರೂ ಬಂದು ನಮ್ಮ ಕಡತಗಳಲ್ಲಿ ತಪ್ಪು ಹಿಡಿಯುತ್ತಿರಲಿ.

ಹಿಡಿಯದಿದ್ದರೆ ಏನಾಗುತ್ತದೆಂದು ಮೊನ್ನೆಯ ಬೀಳ್ಕೊಡುಗೆಯಲ್ಲೇ ಕಂಡೆ. ಮೇಡಂಗೆ ಹೂಗುಚ್ಛ ಕೊಟ್ಟ ಹೊಸ ಮುಖ್ಯಸ್ಥರು, ಅವರೆದುರೇ ನನ್ನ ಭುಜ ತಟ್ಟಿದರು.

"ಆ 'ಹೇಳಿದವರು ಯಾರು' ಕಾಲಂ ತೆಗೆದುಬಿಡೋಣಪ್ಪಾ, ಚೀಟಿ ಒಂದೇ ಪುಟಕ್ಕೆ ಮುಗಿಯುತ್ತೆ. ಸರಿ ತಾನೇ?"

ಮೇಡಂ ನನ್ನ ಮುಖವನ್ನೇ ನೋಡುತ್ತಿದ್ದರು. ಬಾಗಿಲಾಚೆ, ಕೌಂಟರಿನೆದುರು, ಗಾಲಿಕುರ್ಚಿಯಲ್ಲಿ ಹೆಂಗಸೊಬ್ಬರು ಎರಡೂ ಕೈಯಲ್ಲಿ ತಲೆ ಹಿಡಿದು ಕೂತಿದ್ದರು. ಪಕ್ಕದಲ್ಲಿ ನಿಂತ ಗಂಡ ಆಗಲೇ ಏನೋ ಹೇಳುತ್ತಿದ್ದ. ನಾನು ಎರಡು ಪುಟದ ಚೀಟಿಯೊಂದನ್ನು ಎತ್ತಿಕೊಂಡು ಆಕೆಯತ್ತ ನಡೆದೆ.