ಹೊಡೆಸಿಕೊಳ್ಳುವುದೇ ಇವರ ಕಸುಬು

ಬೆಳಗಿನ ಐದೂವರೆ. ಮೈದಾನದ ಹುಲ್ಲು ಇನ್ನೂ ಒದ್ದೆ. ಗಡಿಯಾರದಣ್ಣ ಬಲಗೈಯನ್ನು ನಿಧಾನವಾಗಿ ಮೇಲೆತ್ತಿ, ಕಿವಿಯ ಪಕ್ಕಕ್ಕೆ ತಂದು, ಹಾಗೆಯೇ ಇಳಿಸುತ್ತಾರೆ. ಹೀಗೆ ಹತ್ತು ಸಲ. ಮುಖದಲ್ಲಿ ನೋವಿನ ಒಂದು ಗೆರೆಯೂ ಕಾಣದಂತೆ ನೋಡಿಕೊಳ್ಳುತ್ತಾರೆ. ಏಕೆಂದರೆ ಮೆಟ್ಟಿಲ ಮೇಲೆ ಫ್ಲಾಸ್ಕ್ ಹಿಡಿದು ಕೂತಿರುವ ಹೆಂಡತಿಯ ಕಣ್ಣು ಆ ಭುಜದ ಮೇಲೇ ನೆಟ್ಟಿದೆ. ಪಕ್ಕದಲ್ಲಿ ಮೂರು ಬಕೆಟ್, ಒಂದೊಂದರಲ್ಲೂ ಅರವತ್ತು ಚೆಂಡು. ಬೇಲಿಯ ಹತ್ತಿರ ನೀಲಿ ಹೊದಿಕೆ ಹೊದ್ದು ಚೆಂಡೆಸೆಯುವ ಯಂತ್ರವೊಂದು ನಿಂತಿದೆ. ಮೂರು ಬಕೆಟ್ ಖಾಲಿಯಾಗುವಷ್ಟರಲ್ಲಿ ಒಂದು ತೀರ್ಮಾನವಾಗಬೇಕು: ನಾಳೆಯಿಂದ ಇಲ್ಲಿ ನಿಂತು ಎಸೆಯುವುದು ಇವರೋ, ಅದೋ.

"ಅದಕ್ಕೆ ಭುಜ ನೋಯಲ್ಲ, ಹೆಂಡತೀನೂ ಬೈಯಲ್ಲ. ಪುಣ್ಯವಂತ ಯಂತ್ರ," ಎನ್ನುತ್ತಾರೆ ಗಡಿಯಾರದಣ್ಣ. ನಗುತ್ತಾರೆ, ಆದರೆ ಯಂತ್ರದ ಕಡೆ ತಿರುಗಿಯೂ ನೋಡುವುದಿಲ್ಲ.

ಇವರು ಮಹಿಳೆಯರ ಬೇಸ್‌ಬಾಲ್ ತಂಡವೊಂದರ ಅಭ್ಯಾಸದ ಪಿಚರ್. ಪಂದ್ಯದ ಪಿಚರ್ ಬ್ಯಾಟಿಗೆ ಸಿಗದಂತೆ ಚೆಂಡು ಎಸೆಯಬೇಕು. ಇವರು ಸಿಗುವಂತೆ ಎಸೆಯಬೇಕು. ಎದುರಿಗೆ ಕಬ್ಬಿಣದ ಚೌಕಟ್ಟಿನ ಒಂದು ಬಲೆ, ಅದರ ಮರೆಯಲ್ಲಿ ನಿಂತು ದಿನಕ್ಕೆ ಮುನ್ನೂರು ಎಸೆತ, ಹತ್ತೊಂಬತ್ತು ವರ್ಷ. ಒಂದೇ ವೇಗ, ಒಂದೇ ಜಾಗ: ಬ್ಯಾಟ್ ಹಿಡಿದವಳ ಮೊಣಕಾಲಿಗಿಂತ ಒಂದು ಗೇಣು ಮೇಲೆ. ಒಂದು ಎಸೆತಕ್ಕೂ ಇನ್ನೊಂದಕ್ಕೂ ನಡುವೆ ಆರು ಸೆಕೆಂಡು. ಹಿಂದೊಮ್ಮೆ ಯಾರೋ ಆಟಗಾರ್ತಿ ಕೈಗಡಿಯಾರ ಹಿಡಿದು ಅಳೆದು ನೋಡಿದಳಂತೆ, ಅವತ್ತಿನಿಂದ ಈ ಹೆಸರು ಅಂಟಿಕೊಂಡಿದೆ. ತಂಡ ಗೆದ್ದ ಕಪ್‌ಗಳ ಫೋಟೊಗಳಲ್ಲಿ ಇವರಿಲ್ಲ. ಒಂದರಲ್ಲಿ ಮಾತ್ರ, ಅಂಚಿನಲ್ಲಿ, ಒಂದು ಬಕೆಟ್ಟೂ ಅರ್ಧ ಮೊಣಕೈಯೂ ಕಾಣುತ್ತವೆ. "ಆ ಮೊಣಕೈ ನನ್ನದೇ," ಎಂದು ಇವರು ಬೆರಳಿಟ್ಟು ತೋರಿಸುವಾಗಿನ ಸಂಭ್ರಮ ನೋಡಬೇಕು.

ವಯಸ್ಸಿನಲ್ಲಿದ್ದಾಗ ಇವರೂ ಪಂದ್ಯದ ಪಿಚರ್ ಆಗಿದ್ದವರು, ಕಾರ್ಖಾನೆಯ ತಂಡದಲ್ಲಿ. ಬ್ಯಾಟಿನ ಹತ್ತಿರ ಬಂದು ಥಟ್ಟನೆ ಕೆಳಗಿಳಿಯುವ ಒಂದು ಎಸೆತ ಇವರ ಕೈಯಲ್ಲಿತ್ತು. ಕಾರ್ಖಾನೆ ಮುಚ್ಚಿತು, ತಂಡವೂ ಚದುರಿತು. ಅದಾದ ಮೇಲೆ ಸಿಕ್ಕಿದ್ದು ಈ ಕೆಲಸ. ಬೆಳಿಗ್ಗೆ ಎಸೆತ, ಮಧ್ಯಾಹ್ನ ಬಿಚ್ಚಿಕೊಂಡ ಚೆಂಡುಗಳಿಗೆ ಹೊಲಿಗೆ. ಒಂದು ಚೆಂಡಿಗೆ ನೂರೆಂಟು ಹೊಲಿಗೆ, ಲೆಕ್ಕ ತಪ್ಪಿದರೆ ಬಿಚ್ಚಿ ಮತ್ತೆ ಮೊದಲಿನಿಂದ.

ಹೋದ ವರ್ಷ ಭುಜ ಕೈಕೊಟ್ಟಿತು. ಕೊಟ್ಟದ್ದು ಒಂದೇ ದಿನದಲ್ಲಲ್ಲ. ನಾಲ್ಕು ತಿಂಗಳು ಇವರು ನೋವನ್ನು ಹಲ್ಲು ಕಚ್ಚಿಕೊಂಡು ಬಚ್ಚಿಟ್ಟರು. ಅಂಗಿ ಹಾಕಿಕೊಳ್ಳುವಾಗ ನೋಯುವ ಬಲಗೈಯನ್ನೇ ಮೊದಲು ತೂರಿಸಿದರು, ಮಗ್ಗುಲು ಬದಲಿಸಿ ಮಲಗಿದರು. ಸಿಕ್ಕಿಬಿದ್ದದ್ದು ತಲೆ ಬಾಚಿಕೊಳ್ಳುವುದರಲ್ಲಿ.

"ಮದುವೆಯಾದಾಗಿಂದ ಎಡಗಡೆ ಇದ್ದ ಬೈತಲೆ ಒಂದಿನ ಬಲಗಡೆಗೆ ಬಂದುಬಿಟ್ಟಿತ್ತು," ಎನ್ನುತ್ತಾರೆ ಹೆಂಡತಿ. "ಕನ್ನಡಿ ಮುಂದೆ ನಿಲ್ಲಿಸಿ ಕೇಳ್ದೆ, ಏನ್ರೀ ಇದು ಅಂತ. ಹೊಸ ಫ್ಯಾಷನ್ ಅಂದ್ರು. ಈ ಮುಖಕ್ಕೆ ಫ್ಯಾಷನ್ನು! ಅವತ್ತೇ ಆಸ್ಪತ್ರೆಗೆ ಎಳ್ಕೊಂಡು ಹೋದೆ."

ಭುಜದ ಒಳಗೆ ಸ್ನಾಯು ಹರಿದಿತ್ತು. ಶಸ್ತ್ರಚಿಕಿತ್ಸೆ ಆಯಿತು. ವ್ಯಾಯಾಮದ ಚೀಟಿಯನ್ನು ಗಡಿಯಾರದಣ್ಣ ಮಡಚಿ ಜೇಬಿನಲ್ಲಿಟ್ಟುಕೊಂಡು ಮರೆತರು. ಹೆಂಡತಿ ಬಾಯಿ ಮಾಡಲಿಲ್ಲ. ಬಾಲ್ಕನಿಯ ಗೋಡೆಗೆ ಸೊಂಟದೆತ್ತರದಲ್ಲಿ ಒಂದು ಮೊಳೆ ಹೊಡೆದು ಬಟ್ಟೆ ಒಣಗಿಸುವ ಹಗ್ಗವನ್ನು ಅದಕ್ಕೆ ಕಟ್ಟಿದರು. ಇನ್ನು ಮೇಲೆ ಬಟ್ಟೆ ಹರವುವುದು ನಿಮ್ಮ ಪಾಲು, ಬಲಗೈಯಲ್ಲೇ ಹರವಬೇಕು ಎಂದರು. ಎರಡು ವಾರಕ್ಕೊಮ್ಮೆ ಹಗ್ಗ ನಾಲ್ಕು ಬೆರಳು ಮೇಲಿನ ಹೊಸ ಮೊಳೆಗೆ ಏರುತ್ತಿತ್ತು. ಆ ಗೋಡೆಯ ಮೇಲೆ ಈಗ ಒಂದರ ಮೇಲೊಂದು ಹದಿಮೂರು ಮೊಳೆಗಳಿವೆ.

"ಆರನೇ ಮೊಳೇಲಿ ಅತ್ತುಬಿಟ್ಟೆ," ಎಂದು ಗಡಿಯಾರದಣ್ಣ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. "ಒಂದು ಒದ್ದೆ ಬೆಡ್‌ಶೀಟು. ಎತ್ತೋಕಾಗ್ಲಿಲ್ಲ. ಇವಳು ಬಂದು ಒಂದು ತುದಿ ಹಿಡಿದ್ಲು, ಇನ್ನೊಂದು ತುದಿ ನನಗೇ ಬಿಟ್ಲು."

ಒಂಬತ್ತನೇ ಮೊಳೆಯ ಹೊತ್ತಿಗೆ ಇವರಿಗೆ ಜಂಭ ಬಂತು. ನಾನು ಸರಿಹೋದೆ ಎಂದು ಮೈದಾನಕ್ಕೆ ಹೋಗಿ ನಿಂತರು. ಅಲ್ಲೇ ಎಡವಿದ್ದು. ಭುಜ ಗಟ್ಟಿಯಾಗಿದೆ ಎಂದು ತೋರಿಸುವ ಹುಮ್ಮಸ್ಸಿನಲ್ಲಿ ಕಾರ್ಖಾನೆಯ ದಿನಗಳ ಆ ಇಳಿಯುವ ಎಸೆತವನ್ನು ಹೊರತೆಗೆದರು. ಹನ್ನೆರಡು ಚೆಂಡು ಎಸೆದರು. ಹುಡುಗಿಯರು ಹನ್ನೆರಡು ಸಲ ಗಾಳಿಗೆ ಬ್ಯಾಟ್ ಬೀಸಿದರು. ಇವರು ಮೀಸೆ ತಿರುವುವುದೊಂದು ಬಾಕಿ.

ಕೋಚ್ ಮೇಡಂ ಹತ್ತಿರ ಬಂದು ತಣ್ಣಗೆ ಹೇಳಿದರು: "ಅಣ್ಣ, ನಮ್ಮ ಹುಡುಗೀರನ್ನ ಔಟ್ ಮಾಡೋಕೆ ಎದುರಿನ ತಂಡದವರು ಇದ್ದಾರಲ್ಲ, ನೀವ್ಯಾಕೆ ತೊಂದ್ರೆ ತಗೋತೀರಿ?"

ಗಡಿಯಾರದಣ್ಣನ ಮುಖ ಹುಳ್ಳಗಾಯಿತು. ಮರುದಿನ ಭುಜ ಊದಿಕೊಂಡಿತು, ಹಗ್ಗ ಎರಡು ಮೊಳೆ ಕೆಳಗಿಳಿಯಿತು, ಅದೇ ವಾರ ಯಂತ್ರ ಬಂತು.

ಇವತ್ತು ಮತ್ತೆ ಅದೇ ಜಾಗ. ಬ್ಯಾಟಿನ ಹಿಂದೆ ಚೆಂಡು ಹಿಡಿಯಲು ಕುಕ್ಕರುಗಾಲಿನಲ್ಲಿ ಕೂತವನು ಹೆಂಡತಿಯ ತಮ್ಮ. ಹಗಲೆಲ್ಲ ಲಿಫ್ಟ್ ರಿಪೇರಿ ಮಾಡುವವನು, ಬೆಳಗಿನ ಎರಡು ತಾಸು ಭಾವನಿಗೆ ಮೀಸಲು. ಮೊದಲಿಗೆ ಬಂದವಳು ಎಡಗೈ ಆಟಗಾರ್ತಿ. ಮಣಿಕಟ್ಟು ಮುರಿದು, ಆರು ವಾರದ ಪಟ್ಟಿ ಬಿಚ್ಚಿಸಿಕೊಂಡು ಬಂದಿದ್ದಾಳೆ. ಬ್ಯಾಟ್ ಹಿಡಿದ ಬೆರಳುಗಳು ಬಿಗಿದಿವೆ. ಆರು ಸೆಕೆಂಡು ಕಳೆಯುತ್ತದೆ, ಗಡಿಯಾರದಣ್ಣ ಎಸೆಯುವುದಿಲ್ಲ.

"ಉಸಿರು ಬಿಡಮ್ಮ. ನಂಗೇನೂ ಅವಸರ ಇಲ್ಲ."

ಅವಳು ಉಸಿರು ಬಿಡುತ್ತಾಳೆ. ಚೆಂಡು ಬರುತ್ತದೆ, ಮೊಣಕಾಲಿಗಿಂತ ಒಂದು ಗೇಣು ಮೇಲೆ. ಟಪ್ ಎಂಬ ಸದ್ದು ಮೈದಾನದ ತುದಿಯವರೆಗೂ ಹೋಗುತ್ತದೆ. ಅವಳು ನಗುತ್ತಾಳೆ. ಬಲೆಯ ಮರೆಯಲ್ಲಿ ಇನ್ನೂ ಅಗಲವಾಗಿ ನಗುವವರು ಗಡಿಯಾರದಣ್ಣ.

ಒಂದು ಬಕೆಟ್ ಮುಗಿಯುತ್ತದೆ, ಎರಡೂ ಮುಗಿಯುತ್ತವೆ. ಮೂರನೆಯದು ಅರ್ಧಕ್ಕೆ ಬಂದಾಗ ಮೈದುನ ಕೈಗವಸನ್ನು ಎರಡು ಸಲ ನೆಲಕ್ಕೆ ತಟ್ಟುತ್ತಾನೆ. ಅದು ಅವರಿಬ್ಬರೊಳಗಿನ ಸಂಜ್ಞೆ: ಭಾವ, ಮೊಣಕೈ ಇಳೀತಿದೆ. ಹೋದ ವರ್ಷ ನಾಲ್ಕು ತಿಂಗಳೂ ಅವನು ಹೀಗೆ ತಟ್ಟಿದ್ದ, ಇವರು ಕಂಡೂ ಕಾಣದಂತೆ ಎಸೆದಿದ್ದರು. ಇನ್ನು ಉಳಿದಿರುವುದು ಮೂವತ್ತೇ ಚೆಂಡು. ಗಡಿಯಾರದಣ್ಣ ಯಂತ್ರದ ಕಡೆ ಮೊದಲ ಸಲ ತಿರುಗಿ ನೋಡುತ್ತಾರೆ. ಆಮೇಲೆ ಮೆಟ್ಟಿಲ ಕಡೆ. ಕೈಯಲ್ಲಿದ್ದ ಚೆಂಡನ್ನು ಬಕೆಟ್ಟಿಗೆ ಹಾಕಿ ಕೈ ಎತ್ತುತ್ತಾರೆ.

"ಮೇಡಂ, ಇವತ್ತಿಗೆ ಇಷ್ಟೇ. ನೋಯ್ತಿದೆ."

ಕೋಚ್ ಮೇಡಂ ನಡೆದು ಬಂದು ಬಕೆಟ್ಟಿನೊಳಗೆ ಇಣುಕುತ್ತಾರೆ.

"ನಾನು ಕಾಯ್ತಿದ್ದಿದ್ದು ಈ ಮಾತಿಗೇ ಅಣ್ಣ. ನೋವು ಮುಚ್ಚಿಡೋರನ್ನ ನಂಬ್ಕೊಂಡು ತಂಡ ನಡೆಸೋಕಾಗಲ್ಲ. ನಾಳೆಯಿಂದ ಎರಡು ಬಕೆಟ್ ನಿಮ್ದು, ಮಿಕ್ಕಿದ್ದು ಯಂತ್ರದ್ದು. ವಾರಕ್ಕೆ ಎರಡು ದಿನ ರಜೆ. ಪೆಟ್ಟು ತಿಂದು ವಾಪಸ್ ಬರೋ ಹುಡುಗೀರಿಗೆ ಮಾತ್ರ ಮೊದಲ ಎಸೆತ ನೀವೇ ಎಸೀಬೇಕು."

ಗಡಿಯಾರದಣ್ಣ ಗೋಣು ಆಡಿಸುತ್ತಾರೆ, ಟೋಪಿ ತೆಗೆದು ಮತ್ತೆ ಹಾಕಿಕೊಳ್ಳುತ್ತಾರೆ. ಬೈತಲೆ ಎಡಗಡೆಯೇ ಇದೆ. ಹೆಂಡತಿ ಫ್ಲಾಸ್ಕ್‌ನಿಂದ ಬಿಸಿ ಚಹಾ ಬಗ್ಗಿಸಿ ಲೋಟವನ್ನು ಇವರ ಬಲಗೈಗೇ ಕೊಡುತ್ತಾರೆ.

ಮೈದುನ ಮಂಡಿ ನೀವಿಕೊಳ್ಳುತ್ತ ಬರುತ್ತಾನೆ. ಬ್ಯಾಟಿಗೆ ಸಿಗದ ಚೆಂಡುಗಳಷ್ಟೇ ಅವನ ಕೈ ಸೇರುವುದು, ಹಾಗಾಗಿ ಲೆಕ್ಕ ಅವನ ಹತ್ತಿರ ಪಕ್ಕಾ ಇರುತ್ತದೆ.

"ನೂರೈವತ್ತು ಎಸೆದ್ರಿ ಭಾವ. ಒಂಬತ್ತೇ ಒಂಬತ್ತು ಮಿಸ್ಸಾಗಿದ್ದು."

ಗಡಿಯಾರದಣ್ಣ ಲೋಟವನ್ನು ತುಟಿಯಿಂದ ಇಳಿಸುತ್ತಾರೆ.

"ಒಂಬತ್ತಾ? ಪಾಪ, ಹುಡುಗೀರ ತಪ್ಪಲ್ಲ ಅದು. ನಾಳೆ ನಾನೇ ಸರಿಯಾಗಿ ಎಸೀತೀನಿ."