ಸಪ್ಪೆ ಊಟದ ಸಂಗಾತಿ

ಹೆಂಡತಿಯ ಹೃದಯದ ಪಂಪಿಂಗ್ ಕಡಿಮೆಯಾಗಿದೆ ಎಂದು ಡಾಕ್ಟರು ಹೇಳಿದ ದಿನದಿಂದ ನಮ್ಮ ಟಿಳಕವಾಡಿಯ ಮನೆಯಲ್ಲಿ ಅವಳ ಅಡುಗೆ ಬೇರೆಯಾಯಿತು. ಉಪ್ಪಿಲ್ಲದ ಪಲ್ಯ, ಉಪ್ಪಿಲ್ಲದ ಬೇಳೆ, ಕುಡಿಯುವ ನೀರಿಗೂ ಅಳತೆ. ನಾವು ಜೈನರು, ಹೊತ್ತು ಮುಳುಗುವ ಮೊದಲೇ ಊಟ. ಐದೂವರೆಗೆ ತಾಟು ಇಟ್ಟರೆ ಅವಳು ಎರಡು ತುತ್ತು ತಿಂದು ಸರಿಸುತ್ತಿದ್ದಳು. ನಾನು ರೇಗುತ್ತಿದ್ದೆ. ನನ್ನ ತಾಟಿನಲ್ಲಿ ಮಾತ್ರ ಉಪ್ಪಿನಕಾಯಿ ಇರುತ್ತಿತ್ತು.

ಆಗ ಬರತೊಡಗಿದರು ಬಾಜು ಮನೆಯ ವೈನಿ; ಬಳಗವಲ್ಲ, ಬಾಯಿಮಾತಿನ ಅತ್ತಿಗೆ. ಖಾನಾಪುರದವರು, ಮನೆಮಾತು ಮರಾಠಿ, ಗಂಡ ತೀರಿಹೋಗಿದ್ದರು. ಹೆಂಡತಿ ತನ್ನ ಪಲ್ಯದಲ್ಲೇ ಅರ್ಧ ಅವರಿಗೆ ಬಡಿಸುತ್ತಿದ್ದಳು. ಅರ್ಧ ಕನ್ನಡ, ಅರ್ಧ ಮರಾಠಿಯಲ್ಲಿ ಇಬ್ಬರೂ ಹರಟುತ್ತ, ನಗುತ್ತ ತಾಟು ಖಾಲಿ ಮಾಡುತ್ತಿದ್ದರು. ನನ್ನ ಸಣ್ಣ ಬುದ್ಧಿಗೆ ಕಂಡದ್ದು ಇಷ್ಟೇ: ಸರಿಯಾಗಿ ಊಟದ ಹೊತ್ತಿಗೆ ಬರುತ್ತಾರೆ, ಉಂಡು ಹೋಗುತ್ತಾರೆ.

ಒಂದು ದಿನ ಅವರನ್ನು ಗೇಟಿನಲ್ಲೇ ತಡೆದೆ.

“ವೈನಿ, ಮಾತಾಡಿದ್ರ ಆಕಿಗೆ ದಮ್ಮ ಹತ್ತತೈತಿ. ಸುಮ್ನ ಮಲಗಸ್ರಿ ಅಂದಾರ ಡಾಕ್ಟರು. ಸ್ವಲ್ಪ ದಿನ ಬರಬ್ಯಾಡ್ರಿ.”

ದಣಿವಾಗದಂತೆ ನೋಡಿಕೊಳ್ಳಿ ಎಂದಷ್ಟೇ ಡಾಕ್ಟರು ಹೇಳಿದ್ದು. ಉಳಿದದ್ದು ನಾನು ಸೇರಿಸಿದ್ದು. ಮೂವತ್ತು ವರ್ಷ ಸಾಲಿ ಮಕ್ಕಳ ಬಾಯಿ ಮುಚ್ಚಿಸಿದ ಮಾಸ್ತರನಿಗೆ ಅದೇನು ದೊಡ್ಡ ಕೆಲಸ! “ಬರಂ, ಭಾವೋಜಿ,” ಎಂದು ಒಪ್ಪಿಕೊಂಡು ವೈನಿ ಹಾಗೇ ತಿರುಗಿ ಹೋದರು.

“ವೈನಿ ಯಾಕ ಬರಲಿಲ್ರೀ?” ಅಂದು ಸಂಜೆ ಹೆಂಡತಿ ಕೇಳಿದಳು.

“ಖಾನಾಪುರಕ್ಕ ತಮ್ಮನ ಮನಿಗೆ ಹೋಗ್ಯಾರಂತ.”

ಮರುದಿನವೂ ಕೇಳಿದಳು. ಆಮೇಲೆ ದಿನಾ ಸಂಜೆ, ತಾಟು ಸರಿಸಿ, ನನ್ನ ಮುಖವನ್ನೇ ನೋಡುತ್ತ ಕೇಳುತ್ತಿದ್ದಳು. ಒಮ್ಮೊಮ್ಮೆ ಗೋಡೆಯಾಚೆ ವೈನಿ ಕೆಮ್ಮಿದ್ದು ನಮ್ಮಿಬ್ಬರಿಗೂ ಕೇಳಿಸುತ್ತಿತ್ತು. ಆಗಲೂ ಅವಳು ಕೇಳುತ್ತಿದ್ದಳು, ನಾನು ಅದನ್ನೇ ಹೇಳುತ್ತಿದ್ದೆ.

ಒಮ್ಮೆ ಅವಳು ಬಿಟ್ಟ ಪಲ್ಯವನ್ನು ಬಾಯಿಗೆ ಹಾಕಿಕೊಂಡೆ. ಒಂದು ತುತ್ತು ಗಂಟಲಲ್ಲಿ ಇಳಿಯಲಿಲ್ಲ. ಅದನ್ನು ವೈನಿ ನಾಲ್ಕು ತಿಂಗಳು ನಗುನಗುತ್ತ ಉಂಡಿದ್ದರು. ಉಪ್ಪಿಗಿಂತ ರುಚಿಯಿಲ್ಲ ಎಂದು ಗಾದೆ ಕಟ್ಟಿದವರಿಗೆ ಅಂಥ ನೆರೆಯವರು ಸಿಕ್ಕಿರಲಿಕ್ಕಿಲ್ಲ. ಆಗಲಾದರೂ ಹೋಗಿ ಕರೆಯಬೇಕಿತ್ತು. ತಪ್ಪಾಯಿತು ಅನ್ನಲು ನಾಲಿಗೆ ಏಳಲಿಲ್ಲ. ಅವಳ ಕಾಲು ಬಾತವು, ಮುಖ ಇಳಿಯಿತು. ವೈನಿ ಬರುವುದು ನಿಂತ ಮೇಲೆ ಎರಡನೆಯ ತಿಂಗಳು ಮುಗಿಯುವುದರೊಳಗೆ ಹೋಗಿಬಿಟ್ಟಳು.

ಅವಳು ಹೋದರೂ ಪ್ರಶ್ನೆ ಹೋಗಲಿಲ್ಲ. ಐದೂವರೆಗೆ ಒಬ್ಬನೇ ಉಣ್ಣಲು ಕುಳಿತರೆ ಸ್ಪಷ್ಟವಾಗಿ ಕೇಳುತ್ತದೆ. “ಹೋಗ್ಯಾರಂತ” ಎಂದು ಬಾಯಿಬಿಟ್ಟು ಉತ್ತರ ಕೊಟ್ಟು ನಾನೇ ಬೆಚ್ಚಿದ್ದೇನೆ. ದೆವ್ವಕ್ಕೆ ಹೆದರುವವನಲ್ಲ ನಾನು, ನನ್ನ ದನಿಗೆ ಹೆದರಿದೆ.

ಅಷ್ಟರಲ್ಲಿ ವೈನಿ ನಿಜಕ್ಕೂ ತಮ್ಮನ ಮನೆ ಸೇರಿದ್ದರು. ಕೊನೆಗೆ ಬಸ್ಸು ಹತ್ತಿ ಖಾನಾಪುರಕ್ಕೆ ಹೋದೆ.

“ವೈನಿ, ನೀವು ಊರಿಗೆ ಹೋಗೀರಿ ಅಂತ ಆಕಿಗೆ ಸುಳ್ಳ ಹೇಳಿದ್ದೆ. ನೀವು ಕೈ ಬಿಟ್ರಿ ಅಂತ ತಿಳಕೊಂಡ ಹೋದಳು.”

ವೈನಿ ನನ್ನ ಮುಂದೆ ನೀರಿನ ತಂಬಿಗೆ ಇಟ್ಟರು.

“ಇಲ್ಲ, ಭಾವೋಜಿ. ಗೇಟಿನಾಗ ನೀವು ಅಂದದ್ದು ಅಕ್ಕಾ ಖಿಡಕ್ಯಾಗಿಂದ ಕೇಳಿದ್ದಳು. ಮರುದಿನನ ನನಗ ಫೋನ್ ಮಾಡಿದ್ದಳು.”

“ಮತ್ತ ದಿನಾ ನನ್ನ ಯಾಕ ಕೇಳತಿದ್ದಳು?”

“‘ಅವರ ಬಾಯಿಂದನ ಖರೇ ಬರಲಿ, ಅವರ ನಿಮ್ಮನ್ನ ಕರೀಲಿ, ಆಮ್ಯಾಲ ಬರ್ರಿ’ ಅಂದಿದ್ದಳು. ನಾನೂ ದಿನಾ ಬಾಗಲಾ ತಗದ ಕುಂದರತಿದ್ದೆ.”

ಗೋಡೆಯ ಆಚೆ ಒಬ್ಬರು, ಈಚೆ ಒಬ್ಬಳು, ನನ್ನ ಒಂದು ಮಾತಿಗೆ ಕಾಯುತ್ತಿದ್ದರು. ನಾನು ನನ್ನ ಪಾಡಿಗೆ ಊಟ ಮಾಡುತ್ತಿದ್ದೆ.